ಸೆಕೆಯ ಊರಿನಲ್ಲಿ ಉಲ್ಲನ್ ಉಂಡೆ

ಮಂಗಳೂರಿನಲ್ಲೂ ಉಲ್ಲನ್ ಹೆಣೆಯುವವರಿದ್ದಾರೆ ಎಂದರೆ ಘಟ್ಟದ ಮೇಲಿನ ನೆಂಟರು ನಗುತ್ತಾರೆ. ನಗುವುದರಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಚಳಿ ಎಂದರೆ ಡಿಸೆಂಬರ್-ಜನವರಿಯ ಕೆಲವು ಬೆಳಗುಗಳಲ್ಲಿ ಬಂದು, ಸೂರ್ಯ ತೆಂಗಿನ ತಲೆಗೇರುವಷ್ಟರಲ್ಲಿ ಹೊರಟುಹೋಗುವ ಅತಿಥಿ. ಉಳಿದ ದಿನಗಳಲ್ಲಿ ಮೈಮೇಲಿನ ಬನಿಯನ್ನೂ ಭಾರವೇ. ಆದರೂ ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ಸಂಜೆಯ ಹೊತ್ತು ನಡೆದುಹೋದರೆ ಒಂದೆರಡು ಮನೆಗಳ ಜಗಲಿಯಿಂದ ಕಡ್ಡಿಗಳ ಟಿಕ್ ಟಿಕ್ ಕೇಳಿಸುವುದುಂಟು. ಮಗಳು ದೆಹಲಿಯಲ್ಲಿದ್ದಾಳೆ, ಮೊಮ್ಮಗ ಕೆನಡಾದಲ್ಲಿದ್ದಾನೆ, ಪಕ್ಕದ ಮನೆಯ ಸೊಸೆಗೆ ಏಳು ತಿಂಗಳು. ಹೆಣೆಯುವವರಿಗೆ ಕಾರಣಕ್ಕೇನು ಬರಗಾಲ? ಹಿಂದೆ ಟಿ.ವಿ.ಗೂ ರೇಡಿಯೋಗೂ ಅಂಗಿ ಹೆಣೆದು ತೊಡಿಸುತ್ತಿದ್ದರು. ಟಿ.ವಿ. ತೆಳ್ಳಗಾಗಿ ಗೋಡೆಗೆ ಅಂಟಿಕೊಂಡ ಮೇಲೆ ಆ ಸೇವೆ ನಿಂತಿದೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಹೆಣಿಗೆಯ ಬಗ್ಗೆ ಬರೆಯಲು ಈ ಮಾಷ್ಟ್ರಿಗೇನು ಅರ್ಹತೆ ಎಂದು ನೀವು ಕೇಳಬಹುದು. ಸ್ವೆಟರ್ ಹೆಣೆದು ಮುಗಿಸಿದ ಕೀರ್ತಿ ನನಗಿಲ್ಲ. ಒಂದು ಮಫ್ಲರು, ನಾಲ್ಕಾರು ಕುಲಾವಿ, ಇಷ್ಟೇ ನನ್ನ ಸಾಧನೆ. ಆದರೆ ನನ್ನ ಅಮ್ಮ ಹೆಣೆಯುವವರು. ಅವರ ಪಕ್ಕದಲ್ಲಿ ಕುಳಿತು "ಅದು ಯಾಕೆ ಹಾಗೆ?" ಎಂದು ಕೇಳುತ್ತಲೇ ನನಗೆ ಐವತ್ತು ದಾಟಿತು. ಅಮ್ಮನ ಬಳಿ ಉಪಾಯಗಳಿದ್ದವು, ಕಾರಣಗಳಿರಲಿಲ್ಲ. ನನ್ನ ಬಳಿ ಬಿ.ಎಸ್ಸಿ. ಕಲಿಸಿದ ಕಾರಣಗಳಿದ್ದವು, ಉಪಾಯ ಒಂದೂ ಇರಲಿಲ್ಲ. ಎರಡನ್ನೂ ಕೂಡಿಸಿ ನೋಡಿದಾಗ ಕಂಡದ್ದಿಷ್ಟು: ಕಾರಣ ಗೊತ್ತಿಲ್ಲದ ಉಪಾಯ ಊರು ಬದಲಾದೊಡನೆ ಕೈಕೊಡುತ್ತದೆ. ಚಳಿಯ ಊರಿನ ಹೆಣಿಗೆ ಪುಸ್ತಕದ ಬುದ್ಧಿಮಾತು ಮಂಗಳೂರಿನ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ಕೆಲವು ಸಲ ಅದರಿಂದ ಅಪಾಯವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ ಉಲ್ಲನ್ ಲಡಿಯಾಗಿ ಬರುತ್ತಿತ್ತು. ಎರಡೂ ಕೈ ಚಾಚಿ ಲಡಿ ಹಿಡಿದು ಕೂರುವುದು ನನ್ನ ಕೆಲಸ. ಅಮ್ಮ ಉಂಡೆ ಸುತ್ತುವಾಗ ಎಡಗೈಯ ಮೂರು ಬೆರಳುಗಳನ್ನೂ ಸೇರಿಸಿಯೇ ಸುತ್ತುತ್ತಿದ್ದರು. ಹತ್ತು ಹದಿನೈದು ಸುತ್ತಿಗೊಮ್ಮೆ ಬೆರಳು ಎಳೆದುಕೊಂಡು, ಉಂಡೆಯನ್ನು ಮಗ್ಗುಲು ತಿರುಗಿಸಿ, ಮತ್ತೆ ಬೆರಳಿನ ಮೇಲೆಯೇ ಸುತ್ತು. "ಬಿಗಿ ಸುತ್ತಿದರೆ ನೂಲಿಗೆ ಸಿಟ್ಟು ಬರ್ತದೆ" ಎಂಬುದು ಅವರ ವಿವರಣೆ. ಸಿಟ್ಟು ಎಂಬಲ್ಲಿ ಸ್ಥಿತಿಸ್ಥಾಪಕತೆ ಎಂದು ಓದಿಕೊಂಡರೆ ಅದು ನಮ್ಮ ಪಾಠವೇ. ಬಿಗಿಯಾಗಿ ಸುತ್ತಿದ ನೂಲು ಉಂಡೆಯೊಳಗೆ ಹಿಗ್ಗಿಕೊಂಡೇ ಇರುತ್ತದೆ. ಹಿಗ್ಗಿದ ನೂಲಿನಿಂದ ಹೆಣೆದ ಬಟ್ಟೆ ಮೊದಲ ಸಲ ನೀರು ಕಂಡಾಗ ತನ್ನ ಹಳೆಯ ಉದ್ದಕ್ಕೆ ಮರಳುತ್ತದೆ. ಸ್ವೆಟರ್ ಕುಗ್ಗಿತೆಂದು ಅಂಗಡಿಯವನನ್ನು ಬಯ್ಯುವುದು ಆಮೇಲಿನ ಕಥೆ. ಈಗ ಉಂಡೆಯೇ ಸಿಗುತ್ತದೆ. ಅದರ ಒಳಗಿನ ತುದಿ ಹುಡುಕಿ ಎಳೆದುಕೊಂಡರೆ ಉಂಡೆ ಉರುಳದು. ಒಳತುದಿ ಸಿಗಲಿಲ್ಲವೋ, ಉಂಡೆಯನ್ನು ಒಂದು ಚೆಂಬಿನೊಳಗಿಟ್ಟು ಹೆಣೆಯಿರಿ. ಬೆಕ್ಕಿಗೂ ಸಿಗುವುದಿಲ್ಲ, ಧೂಳೂ ತಾಗುವುದಿಲ್ಲ. ಕೊಳ್ಳುವಾಗ ಲೇಬಲಿನ ಮೇಲಿರುವ ಬಣ್ಣದ ಲಾಟ್ ಸಂಖ್ಯೆಯನ್ನು ನೋಡಿ, ಬೇಕಾದಷ್ಟನ್ನೂ ಒಂದೇ ಲಾಟ್‌ನಿಂದ ಒಟ್ಟಿಗೇ ತನ್ನಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎಂದು ಕಂಡ ಎರಡು ಕೆಂಪು ಬಿಸಿಲಿಗೆ ಬಂದಾಗ ಬೇರೆ ಬೇರೆಯಾಗುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ನಿಮ್ಮ ಅಂಗಿಯೂ ಹತ್ತಿಯದು, ಒಳಗಿನ ಬನಿಯನ್ನೂ ಹತ್ತಿಯದು. ಬನಿಯನ್ ಎಳೆದರೆ ಹಿಗ್ಗುತ್ತದೆ, ಅಂಗಿ ಯಾಕೆ ಹಿಗ್ಗುವುದಿಲ್ಲ? ಅಂಗಿಯ ಬಟ್ಟೆ ನೇಯ್ದದ್ದು. ಅದರಲ್ಲಿ ಹಾಸು ಹೊಕ್ಕು ಎರಡೂ ನೆಟ್ಟಗಿನ ನೂಲುಗಳು. ನೆಟ್ಟಗಿರುವುದನ್ನು ಇನ್ನೆಷ್ಟು ಎಳೆಯುತ್ತೀರಿ? ಬನಿಯನ್ ಹೆಣೆದದ್ದು. ನೂಲು ಹಾವಿನಂತೆ ಬಳುಕಿ, ಕುಣಿಕೆಯೊಳಗಿಂದ ಕುಣಿಕೆಯಾಗಿ ಹೊರಬಂದಿರುತ್ತದೆ. ಎಳೆದಾಗ ಹಿಗ್ಗುವುದು ನೂಲಲ್ಲ, ಕುಣಿಕೆಯ ಆಕಾರ. ಈ ಕೆಲಸಕ್ಕೆ ಯಂತ್ರ ಮಾಡಿದವನು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ, ಕಾಲುಚೀಲ ಹೆಣೆಯುವುದಕ್ಕೆ. ನಮ್ಮ ಊರಿಗೆ ಹೆಸರು ಬಂದದ್ದು ನೇಯ್ಗೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಇಲ್ಲಿ ನೇಯ್ಗೆಯ ಕಾರ್ಖಾನೆ ನಡೆಸಿದರು. ಅಲ್ಲಿನ ಜಾನ್ ಹಾಲರ್ ಎಂಬವರ ಹೆಸರು ಖಾಕಿ ಬಣ್ಣದ ಜೊತೆ ಇಂದಿಗೂ ಕೇಳಿಬರುತ್ತದೆ. ಕಡ್ಡಿಯ ಹೆಣಿಗೆ ನಮ್ಮ ದೇಶದ ಎಷ್ಟೋ ಮನೆಗಳಿಗೆ ಬಂದದ್ದು ಮಿಷನರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ನಡೆಯುತ್ತಿದ್ದ ಹೊಲಿಗೆ ತರಗತಿಯ ಮೂಲಕ.

ಆದರೆ ಕುಣಿಕೆ, ಕಣ್ಣು, ಅಳತೆ ಇವೆಲ್ಲ ಕರಾವಳಿಗೆ ಹೊಸತಲ್ಲ. ದಕ್ಕೆಗೆ ಹೋದರೆ ಮೀನುಗಾರರು ಕುಳಿತು ಬಲೆ ರಿಪೇರಿ ಮಾಡುವುದನ್ನು ಇವತ್ತಿಗೂ ನೋಡಬಹುದು. ಬಲೆಯಲ್ಲಿ ಪ್ರತಿ ಕಣ್ಣಿನ ಮೂಲೆಗೂ ಗಂಟುಂಟು. ಒಂದು ಎಳೆ ಹರಿದರೆ ಅಲ್ಲಿಗೊಂದು ತೂತು, ಅಷ್ಟೇ. ಹೆಣಿಗೆಯಲ್ಲಿ ಗಂಟೇ ಇಲ್ಲ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಏಣಿಯ ಮೆಟ್ಟಿಲಿನಂತೆ ಸಾಲು ಸಾಲಾಗಿ ಕೆಳಗಿಳಿಯುತ್ತದೆ. ಹೆಣಿಗೆಯ ಮೃದುತ್ವವೂ ಅದರಿಂದಲೇ, ಗಂಡಾಂತರವೂ ಅದರಿಂದಲೇ. ನನ್ನ ತರಗತಿಯಲ್ಲಿ ಕಡ್ಡಿ ಹಿಡಿಯಲು ಎಲ್ಲರಿಗಿಂತ ಬೇಗ ಕಲಿತವನು ಬೆಂಗ್ರೆಯ ಒಬ್ಬ ಹುಡುಗ. ಅಜ್ಜನ ಜೊತೆ ಬಲೆ ಕಟ್ಟಿ ಬೆರಳು ಪಳಗಿತ್ತು. "ಇದು ಹೆಣ್ಣುಮಕ್ಕಳ ಕೆಲಸ" ಎಂದು ಹಿಂದಿನ ಬೆಂಚಿನವರು ಕಿಸಕ್ಕೆಂದಾಗ ಅವನು ತಲೆ ಎತ್ತಲೂ ಇಲ್ಲ.

ಕುಣಿಕೆ ಜಾರಿದರೆ ಗಾಬರಿ ಬೇಡ, ಎಳೆಯಲೂ ಬೇಡ. ಮೊದಲು ಒಂದು ಸೇಫ್ಟಿ ಪಿನ್ನು ಚುಚ್ಚಿ ಜಾರಿದ ಕುಣಿಕೆಯನ್ನು ಅಲ್ಲೇ ನಿಲ್ಲಿಸಿ. ಆಮೇಲೆ ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಎತ್ತಿಕೊಂಡು ಮೇಲೆ ಬನ್ನಿ. ಕ್ರೋಶಾ ಕಡ್ಡಿ ಇಲ್ಲದಿದ್ದರೆ ತಲೆಗೂದಲಿನ ಪಿನ್ನಿನ ಬಾಗಿದ ತುದಿಯೂ ನಡೆಯುತ್ತದೆ. ಹೊಸಬರಿಗೆ ಇನ್ನೂ ಒಂದು ರಕ್ಷೆ ಇದೆ. ಪ್ರತಿ ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ಹೊಲಿಗೆ ನೂಲನ್ನು ಸೂಜಿಯಲ್ಲಿ ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಒಳಗಿಂದ ದಾಟಿಸಿ ಬಿಟ್ಟುಬಿಡಿ. ಮುಂದೆ ಎಲ್ಲೋ ತಪ್ಪಿ ಬಿಚ್ಚಬೇಕಾಗಿ ಬಂದರೂ ಆ ನೂಲಿನಿಂದ ಕೆಳಗೆ ಬಿಚ್ಚಿಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಆಗಾಗ ಸೇವ್ ಮಾಡಿಟ್ಟ ಹಾಗೆ.

ಸಾಲು ಎಣಿಸುವುದಕ್ಕೆ ಅಮ್ಮನದು ತುಳುನಾಡಿನ ಯಂತ್ರ: ಚೆನ್ನೆಮಣೆ. ಎರಡು ಬದಿಗೆ ಏಳೇಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ. ಒಂದು ಸಾಲು ಮುಗಿದರೆ ಒಂದು ಕಾಯಿ ಈಚೆಯಿಂದ ಆಚೆಗೆ. ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿಸಿದರೂ ಮಣೆ ತಪ್ಪುವುದಿಲ್ಲ. ಮೊಮ್ಮಕ್ಕಳು ಬಂದು ಆಡಲು ಕೂತರೆ ಮಾತ್ರ ಕಷ್ಟ.

ಇನ್ನು ಬೆವರಿನ ವಿಷಯ. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಯೂಮಿನಿಯಂ ಕಡ್ಡಿ ಕೈಗೂ ನೂಲಿಗೂ ಅಂಟುತ್ತದೆ. ಬಿಳಿ ಉಲ್ಲನ್ನಿನ ಮೇಲೆ ಬೂದು ಕಲೆಯೂ ಕೂರುತ್ತದೆ. ಬೆವರಿನ ಉಪ್ಪು ಲೋಹವನ್ನು ತಿಂದು ಬಿಟ್ಟ ಗುರುತು ಅದು. ಪಕ್ಕದಲ್ಲೊಂದು ಒಣ ಬಟ್ಟೆ ಇಟ್ಟುಕೊಂಡು ಕಡ್ಡಿಯನ್ನು ಆಗಾಗ ಒರೆಸಿದರೆ ಸಾಕು. ಬೆವರು ಜಾಸ್ತಿಯಿದ್ದರೆ ಬಿದಿರಿನ ಕಡ್ಡಿಯೇ ಮೇಲು, ಸ್ವಲ್ಪ ತೇವ ಹೀರಿಕೊಳ್ಳುತ್ತದೆ.

ಕಡ್ಡಿಯ ನಂಬರಿನ ಗೊಂದಲ ಈಚೆಗೆ ಹೆಚ್ಚಾಗಿದೆ. ನಮ್ಮ ಅಂಗಡಿಗಳ ಹಳೆಯ ನಂಬರು ಬ್ರಿಟಿಷರದು. ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಪೂರ. 8 ಎಂದರೆ 4 ಮಿ.ಮೀ., 10 ಎಂದರೆ 3.25, 12 ಎಂದರೆ 2.75. ವೈರಿಂಗ್ ಕೆಲಸದವರನ್ನು ಕೇಳಿ, ತಂತಿಯ ಗೇಜಿನಲ್ಲೂ ಇದೇ ತಲೆಕೆಳಗು ಲೆಕ್ಕ. ಅಚ್ಚಿನ ತೂತುಗಳಲ್ಲಿ ತಂತಿಯನ್ನು ಹೆಚ್ಚು ಸಲ ಎಳೆದಷ್ಟೂ ಅದು ತೆಳ್ಳಗಾಗುತ್ತ ಹೋಗುತ್ತದಲ್ಲ, ಅದಕ್ಕೇ ನಂಬರು ಏರುತ್ತದೆ. ಅಮೆರಿಕದವರ ಕಡ್ಡಿಯ ಲೆಕ್ಕ ಇದಕ್ಕೆ ವಿರುದ್ಧ. ಅವರ 8 ಎಂದರೆ 5 ಮಿ.ಮೀ. ಅಮೆರಿಕದ ವಿಡಿಯೋ ನೋಡಿ ಹಂಪನಕಟ್ಟೆಯಲ್ಲಿ 8 ನಂಬರಿನ ಕಡ್ಡಿ ಕೊಂಡರೆ ಸ್ವೆಟರು ತಮ್ಮನಿಗಾಗುತ್ತದೆ. ಆದ್ದರಿಂದ ನಂಬರು ಬಿಡಿ, ಮಿಲಿಮೀಟರ್ ಕೇಳಿ.

ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಸೋಮಾರಿತನದಿಂದ ಬಿಟ್ಟುಬಿಡುವ ಕೆಲಸವೆಂದರೆ ಮಾದರಿ ತುಂಡು ಹೆಣೆದು ನೋಡುವುದು. ಪುಸ್ತಕ 72 ಕುಣಿಕೆ ಎನ್ನುತ್ತದೆ. ಯಾರ ಕೈಯ 72? ಪುಸ್ತಕದವರ ಕೈಯಲ್ಲಿ 10 ಸೆಂ.ಮೀ.ಗೆ 24 ಕುಣಿಕೆ ಬಂದಿದ್ದರೆ 72 ಕುಣಿಕೆಗೆ 30 ಸೆಂ.ಮೀ. ಅಗಲ. ನಿಮ್ಮ ಕೈ ಬಿಗಿಯಾಗಿದ್ದು 28 ಬಂದರೆ ಅದೇ 72ಕ್ಕೆ 26 ಸೆಂ.ಮೀ. ಕೂಡ ಇಲ್ಲ. ಸಡಿಲವಾಗಿ 20 ಬಂದರೆ 36. ಎಣಿಕೆ ಒಂದೇ, ಒಂದು ಟೊಪ್ಪಿ ತಲೆ ಹಿಂಡುತ್ತದೆ, ಇನ್ನೊಂದು ಮೂಗಿಗಿಳಿಯುತ್ತದೆ. ಒಂದು ಗೇಣು ಚೌಕದ ತುಂಡು ಹೆಣೆದು, ತೊಳೆದು, ಒಣಗಿಸಿ, ಆಮೇಲೆ ನಡುವಿನ 10 ಸೆಂ.ಮೀ. ಅಳೆಯಿರಿ. ಅಂಚಿನ ಕುಣಿಕೆಗಳು ಯಾವಾಗಲೂ ಸೊಟ್ಟ. ಒಂದೇ ಸೆಂಟಿಮೀಟರ್ ಎಣಿಸಿ ಹತ್ತರಿಂದ ಗುಣಿಸಬೇಡಿ. ಲೋಲಕದ ಪ್ರಯೋಗದಲ್ಲಿ 20 ಆಂದೋಲನಗಳ ಕಾಲ ಹಿಡಿದು 20ರಿಂದ ಭಾಗಿಸುವುದಿಲ್ಲವೇ? ಇಲ್ಲಿಯ ಕಾರಣವೂ ಅದೇ. ತುದಿಯಲ್ಲಿ ಆಗುವ ತಪ್ಪು ಹತ್ತು ಪಾಲಾಗಿ ಹಂಚಿಹೋಗುತ್ತದೆ. ಎಣಿಕೆ ಕಡಿಮೆ ಬಂದರೆ ಸಪೂರ ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ.

ನೂಲು ಸಾಕಾದೀತೇ ಎಂಬ ಚಿಂತೆಗೂ ಅಳತೆಯೇ ಮದ್ದು. ಉಂಡೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಹತ್ತು ಸಾಲು ಹೆಣೆದು ಮತ್ತೆ ತೂಗಿ. ಹತ್ತು ಸಾಲಿಗೆ ಎಷ್ಟು ಗ್ರಾಂ ಎಂದು ಗೊತ್ತಾದ ಮೇಲೆ ಉಳಿದದ್ದು ನಾಲ್ಕನೆಯ ತರಗತಿಯ ಲೆಕ್ಕ. ಸಾದಾ ಹೆಣಿಗೆಯ ಒಂದು ಸಾಲಿಗೆ ಬಟ್ಟೆಯ ಅಗಲದ ಸುಮಾರು ಮೂರು ಪಟ್ಟು ನೂಲು ಬೇಕು. ಮುಗಿಸುವ ಸಾಲಿಗೆ ಅದಕ್ಕಿಂತ ತುಸು ಹೆಚ್ಚು ಇಟ್ಟುಕೊಳ್ಳಿ.

ಮಾದರಿ ತುಂಡಿನ ಪ್ರಯೋಗವನ್ನು ನಾನು ಕೆಲವು ವರ್ಷಗಳಿಂದ ಮಕ್ಕಳಿಂದ ಮಾಡಿಸುತ್ತಿದ್ದೇನೆ. ಒಬ್ಬ ಹುಡುಗನ ತಂದೆ ಶಾಲೆಗೇ ಬಂದರು. "ಸರ್, ಇದಕ್ಕೆ ಮಾರ್ಕ್ ಉಂಟಾ?" ಇಲ್ಲ ಎಂದೆ. "ಹಾಗಾದರೆ ಹತ್ತನೇ ಕ್ಲಾಸಿನ ಹುಡುಗನ ಕೈಗೆ ಕಡ್ಡಿ ಯಾಕೆ ಸರ್?" ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಫೀಸು ಕಟ್ಟುವವರು ಅವರು, ನಿದ್ದೆಗೆಡುವವರೂ ಅವರು. ನಾನು ಹುಡುಗನನ್ನು ಕರೆದು ಅವನ ತುಂಡನ್ನೂ ಸ್ಕೇಲನ್ನೂ ಕೊಟ್ಟೆ. ಅವನು ನಡುವಿನ 10 ಸೆಂ.ಮೀ.ಗೆ 21 ಕುಣಿಕೆ ಎಣಿಸಿ, ತಂದೆಯ ಎದೆಯ ಸುತ್ತಳತೆ ಕೇಳಿ, ಸ್ವೆಟರಿಗೆ ಎಷ್ಟು ಕುಣಿಕೆ ಬೇಕೆಂದು ಪೆನ್ನು ಕಾಗದವಿಲ್ಲದೆ ಹೇಳಿದ. ಅರ್ಧ ವರ್ಷ ಅನುಪಾತದ ಲೆಕ್ಕದಲ್ಲಿ ತಡವರಿಸುತ್ತಿದ್ದವನು ಅವನು. ತಂದೆ ಏನೂ ಹೇಳದೆ ಹೋದರು. ಒಪ್ಪಿದರೋ ಇಲ್ಲವೋ, ಮರುದಿನವೂ ಹುಡುಗನ ಚೀಲದಲ್ಲಿ ಕಡ್ಡಿ ಇತ್ತು.

ತೊಳೆಯುವ ಮೊದಲು ನೂಲಿನ ಜಾತಿ ಗೊತ್ತಿರಬೇಕು. ಉಲ್ಲನ್ ಎಂದು ಮಾರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಪ್ಲಾಸ್ಟಿಕ್ಕಿನ ದಾಯಾದಿ. ಲೇಬಲ್ ಕಳೆದುಹೋಗಿದ್ದರೆ ಒಂದಿಂಚು ನೂಲನ್ನು ಇಕ್ಕುಳದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ದೀಪಕ್ಕೆ ತೋರಿಸಿ. ಮಕ್ಕಳೇ, ಇದು ದೊಡ್ಡವರ ಎದುರಿನಲ್ಲಿ ಮಾತ್ರ. ಕೂದಲು ಸುಟ್ಟ ವಾಸನೆ ಬಂದು, ದೀಪದಿಂದ ತೆಗೆದಾಗ ತಾನೇ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ನಿಜವಾದ ಉಣ್ಣೆ. ನಮ್ಮ ಕೂದಲಿನಲ್ಲಿರುವ ಕೆರಾಟಿನ್ ಅದರಲ್ಲೂ ಇರುವುದರಿಂದ ಆ ವಾಸನೆ. ಕರಗಿ, ಉರಿದು, ಗಟ್ಟಿ ಕಪ್ಪು ಮಣಿಯಾದರೆ ಅಕ್ರಿಲಿಕ್. ಕಾಗದದಂತೆ ಉರಿದರೆ ಹತ್ತಿ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿಸಿದರೆ ಅದರ ಪುಟಿತ ಶಾಶ್ವತವಾಗಿ ಹೋಗುತ್ತದೆ.

ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಲ್ಲಿರುವಂತೆ ಹುರುಪೆಗಳಿವೆ. ಬಿಸಿನೀರು, ಸಾಬೂನು, ಉಜ್ಜಾಟ ಮೂರೂ ಸೇರಿದರೆ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಬೀಳುತ್ತವೆ, ಮತ್ತೆ ಬಿಡುವುದಿಲ್ಲ. ಹಾಗಾಗಿ ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು, ಮೃದು ಸಾಬೂನು. ಹಿಂಡಬಾರದು, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಬೇಕು. ಹಗ್ಗಕ್ಕೆ ತೂಗಿಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ. ಚಾಪೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಫ್ಯಾನಿನ ಅಡಿಯಲ್ಲಿ ಎರಡು ದಿನವಾದರೂ ಬೇಕು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಗಾಳಿಯಿಂದ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಚಳಿಯ ನಾಡಿನಲ್ಲಿ ಇದು ಗುಣ. ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಸುರಿಯುವ ನಮ್ಮೂರಿನಲ್ಲಿ ಇದೇ ಬೂಷ್ಟಿಗೆ ಆಮಂತ್ರಣ.

ಪೆಟ್ಟಿಗೆಯ ವಿಷಯಕ್ಕೆ ಬಂದೆ. ನನ್ನ ತಂಗಿಯ ಮಗಳು ಬಸುರಿಯಾದಾಗ ಅಮ್ಮ ಟ್ರಂಕಿನ ತಳದಿಂದ ಒಂದು ಹಳದಿ ಸ್ವೆಟರ್ ತೆಗೆದರು. ಅದನ್ನು ನನಗೆಂದು ಹೆಣೆದದ್ದು. ಆಮೇಲೆ ತಂಗಿ, ನನ್ನ ಮಗ, ತಂಗಿಯ ಮಗಳು, ಎಲ್ಲರೂ ಅದರಲ್ಲೇ ತೊಟ್ಟಿಲು ಕಂಡವರು. ಒಂದು ನೂಲೂ ಹರಿದಿರಲಿಲ್ಲ. ಆದರೆ ಟ್ರಂಕು ತೆರೆದೊಡನೆ ಕೋಣೆ ತುಂಬ ಡಾಂಬರು ಗುಳಿಗೆಯ ವಾಸನೆ. ಅಂದರೆ ನ್ಯಾಫ್ತಲೀನ್.

ಘನ ನೇರವಾಗಿ ಅನಿಲವಾಗುವ ಉತ್ಪತನಕ್ಕೆ ನಾವು ತರಗತಿಯಲ್ಲಿ ಕೊಡುವ ಉದಾಹರಣೆ ಈ ಗುಳಿಗೆಯೇ. ಆ ಅನಿಲ ಬಟ್ಟೆಯೊಳಗೆ ಸೇರಿಕೊಳ್ಳುತ್ತದೆ, ಬಟ್ಟೆ ತೊಟ್ಟವರ ಉಸಿರಿಗೂ ಚರ್ಮಕ್ಕೂ ಇಳಿಯುತ್ತದೆ. ದೊಡ್ಡವರು ಅದನ್ನು ತಡೆದುಕೊಂಡಾರು. ನಮ್ಮ ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವವೊಂದಿದೆ. ಅದು ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿದ್ದಾರೆ, ಅವರಲ್ಲಿ ಗಂಡುಮಕ್ಕಳು ಹೆಚ್ಚು. ಮಲೇರಿಯಾ ಬಹುಕಾಲದಿಂದ ಇರುವ ಪ್ರದೇಶಗಳ ಜನರಲ್ಲಿ ಈ ಕೊರತೆ ಹೆಚ್ಚು ಕಾಣುತ್ತದೆ. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಡುವ ಮೊದಲು ವೈದ್ಯರು ಇದನ್ನು ವಿಚಾರಿಸುವುದು ಅದಕ್ಕೇ. ಅಂಥ ಎಳೆ ಮಗುವಿಗೆ ನ್ಯಾಫ್ತಲೀನ್ ತಾಗಿದರೆ ರಕ್ತಕಣಗಳು ಒಡೆಯುತ್ತವೆ. ಕಾಮಾಲೆ ಏರುತ್ತದೆ, ಮಿತಿಮೀರಿ ಏರಿದರೆ ಮೆದುಳಿಗೇ ಪೆಟ್ಟು. ಗುಳಿಗೆಯ ಜೊತೆ ಇಟ್ಟ ಬಟ್ಟೆ ತೊಡಿಸಿದ್ದರಿಂದ ಹೀಗಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಎಂಬತ್ತೊಂದು ವರ್ಷದ ಅಮ್ಮ ಶಾಂತವಾಗಿ ಕೇಳಿ, "ನಿನಗೂ ಇದನ್ನೇ ಹಾಕಿದ್ದು. ನಿನಗೇನಾಯ್ತು?" ಎಂದರು. ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿದ್ದಿಲ್ಲ. "ನನಗೆ ಹೆಣೆದಾಗ ಅದು ಹೊಸತಮ್ಮ, ಟ್ರಂಕು ಸೇರಿದ್ದು ಆಮೇಲೆ. ನಮ್ಮ ಮಕ್ಕಳಿಗೆ ಆ ಕಿಣ್ವ ಇದ್ದಿರಬೇಕು, ಏನೂ ಆಗಲಿಲ್ಲ. ಈ ಮಗುವಿಗೆ ಇದೆಯೋ ಇಲ್ಲವೋ ಈಗ ಯಾರಿಗೂ ಗೊತ್ತಿಲ್ಲವಲ್ಲ" ಎಂದೆ. ಅಮ್ಮ ಎರಡು ದಿನ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, "ಹತ್ತರ ಕಡ್ಡಿ ಎಲ್ಲಿಟ್ಟಿದ್ದಿ?" ಎಂದು ಕೇಳಿದರು.

ಹೊಸ ಕುಲಾವಿಗೆ ಅಮ್ಮ ಎತ್ತಿದ್ದು ಎಂದಿನಂತೆ 72 ಕುಣಿಕೆ. ಜೀವಮಾನವಿಡೀ ಅದೇ ಎಣಿಕೆ. ನಾಲ್ಕು ಬೆರಳು ಹೆಣೆದ ಮೇಲೆ ಸ್ಕೇಲಿಟ್ಟು ನೋಡಿದೆ. ಮೊದಲು 10 ಸೆಂ.ಮೀ.ಗೆ 24 ಬರುತ್ತಿದ್ದ ಕೈಯಲ್ಲಿ ಈಗ 22. ಟೊಪ್ಪಿಯ ಸುತ್ತಳತೆ 30ರ ಬದಲು ಸುಮಾರು 33. ಎಳೆಮಗುವಿನ ತಲೆ ಸುಮಾರು 34 ಸೆಂ.ಮೀ. ಟೊಪ್ಪಿ ಅದಕ್ಕಿಂತ ಮೂರು ನಾಲ್ಕು ಸೆಂ.ಮೀ. ಚಿಕ್ಕದಿದ್ದರೆ ಹಿಗ್ಗಿ ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಜಾರುತ್ತದೆ. "ಕೈ ಸಡಿಲಾಯ್ತು" ಎಂದು ಅಮ್ಮ ತಮ್ಮ ಬೆರಳುಗಳನ್ನೇ ನೋಡಿದರು. ಕುಣಿಕೆ ಕಡಿಮೆ ಮಾಡಿ ಎನ್ನುವ ಧೈರ್ಯ ನನಗಾಗಲಿಲ್ಲ. ಹನ್ನೆರಡರ ಕಡ್ಡಿ ತಂದುಕೊಟ್ಟೆ. ಸಪೂರ ಕಡ್ಡಿಯಲ್ಲಿ ಎಣಿಕೆ ಮತ್ತೆ 24ಕ್ಕೆ ಬಂತು, 72 ಎಪ್ಪತ್ತೆರಡಾಗಿಯೇ ಉಳಿಯಿತು. ಕಣ್ಣಿಗೆ ಆಯಾಸವಾಗದಿರಲಿ ಎಂದು ತಿಳಿಬಣ್ಣದ ನೂಲು ಆರಿಸಿ, ಮಡಿಲ ಮೇಲೆ ಗಾಢ ಬಣ್ಣದ ಟವೆಲ್ ಹಾಸಿದೆ. ಗಾಢ ನೂಲಾಗಿದ್ದರೆ ಟವೆಲ್ ಬಿಳಿಯಾಗಬೇಕು.

ಹಾಗಾದರೆ ಪೆಟ್ಟಿಗೆಯಲ್ಲಿ ಏನಿಡುವುದು? ನುಸಿಯ ಮರಿಹುಳು ತಿನ್ನುವುದು ಕೆರಾಟಿನ್ನನ್ನು, ಅಂದರೆ ನಿಜವಾದ ಉಣ್ಣೆಯನ್ನು. ಅಕ್ರಿಲಿಕ್ ಅದಕ್ಕೆ ಊಟವೇ ಅಲ್ಲ, ಅಲ್ಲಿ ಗುಳಿಗೆ ದಂಡ. ಉಣ್ಣೆಯಾದರೆ ಬೆವರು, ಹಾಲಿನ ಕಲೆ ಉಳಿಯದಂತೆ ತೊಳೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಆಮೇಲೆ ಗಾಳಿಯಾಡದ ಡಬ್ಬಿ, ಜೊತೆಗೆ ಔಷಧಿ ಡಬ್ಬಿಗಳಲ್ಲಿ ಬರುವಂಥ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣ ಮಕ್ಕಳ ಕೈಗೆ ಸಿಗಬಾರದು. ಮಳೆಗಾಲದ ನಡುವೆ ಡಬ್ಬಿ ತೆರೆಯಬೇಡಿ.

ಈ ಸೆಕೆಯಲ್ಲಿ ಮಗುವಿಗೆ ಕುಲಾವಿಯಾದರೂ ಯಾಕೆ ಎಂದು ಕೇಳಬಹುದು. ಹುಟ್ಟಿದ ಕ್ಷಣದಲ್ಲಿ ಮಗು ಒದ್ದೆಯಾಗಿರುತ್ತದೆ. ಆ ನೀರು ಆವಿಯಾಗುವಾಗ ಮಗುವಿನ ಮೈಯ ಶಾಖವನ್ನೇ ಒಯ್ಯುತ್ತದೆ. ನಮಗೆ ಸೆಕೆ ಎನಿಸುವ ಕೋಣೆಯೂ 37 ಡಿಗ್ರಿಯ ಗರ್ಭದಿಂದ ಬಂದ ಮಗುವಿಗೆ ತಂಪೇ. ದೊಡ್ಡವರ ಮೈಯ ಮೇಲ್ಮೈಯಲ್ಲಿ ತಲೆಯ ಪಾಲು ಹತ್ತರಲ್ಲಿ ಒಂದೂ ಇಲ್ಲ, ಎಳೆಮಗುವಿನಲ್ಲಿ ಐದರಲ್ಲಿ ಒಂದು. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಆರಂಭವಾದ ಕಾಂಗರೂ ಆರೈಕೆಯಲ್ಲಿ ತೂಕ ಕಡಿಮೆಯಿರುವ ಮಗುವನ್ನು ತಾಯಿಯ ಬರಿಯ ಎದೆಗೆ ಆನಿಸಿ ಮಲಗಿಸುತ್ತಾರೆ. ಮಗುವಿನ ಮೈಮೇಲೆ ಆಗ ಇರುವ ಕೆಲವೇ ಬಟ್ಟೆಗಳಲ್ಲಿ ಟೊಪ್ಪಿಯೂ ಒಂದು. ಮನೆಗೆ ಬಂದು ಮಗು ಗಟ್ಟಿಯಾದ ಮೇಲೆ, ಸೆಕೆಯ ಕೋಣೆಯಲ್ಲಿ ಮಲಗಿದ ಮಗುವಿಗೆ ಟೊಪ್ಪಿ ಬಿಗಿದೇ ಇರಬೇಕೆಂದಿಲ್ಲ. ಹೆಚ್ಚಾದ ಶಾಖ ಹೊರಹೋಗುವುದೂ ತಲೆಯಿಂದಲೇ. ಅದನ್ನು ಮಕ್ಕಳ ವೈದ್ಯರಿಂದ ಕೇಳಿ ತಿಳಿದುಕೊಳ್ಳಿ.

ಕೈಚೀಲ, ಕಾಲುಚೀಲ ಹೆಣೆಯುವವರಿಗೆ ಒಂದು ಎಚ್ಚರಿಕೆ. ಒಳಗಡೆ ಒಂದೂ ಸಡಿಲ ಎಳೆ ಇರಬಾರದು. ಮಗುವಿನ ಬೆರಳಿಗೆ ಎಳೆ ಸುತ್ತಿಕೊಂಡು ಬಿಗಿದರೆ ರಕ್ತ ನಿಲ್ಲುತ್ತದೆ. ಮಗು ಯಾಕೆ ಅಳುತ್ತದೆಂದು ಚೀಲ ತೆಗೆಯುವವರೆಗೆ ತಿಳಿಯುವುದಿಲ್ಲ. ತೊಡಿಸುವ ಮೊದಲು ಪ್ರತಿ ಸಲ ಒಳಹೊರಗು ಮಾಡಿ ನೋಡಿ. ಬೆರಳು ತೂರುವಂಥ ಜಾಳುಜಾಳು ವಿನ್ಯಾಸ ಬೇಡ. ಗುಂಡಿ, ಮಣಿ, ಕುತ್ತಿಗೆಗೆ ಕಟ್ಟುವ ದಾರ ಯಾವುದೂ ಬೇಡ. ಹೊಸ ಉಂಡೆ ಸೇರಿಸುವಾಗ ನಡುವೆ ಗಂಟು ಹಾಕದೆ ಸಾಲಿನ ತುದಿಯಲ್ಲಿ ಸೇರಿಸಿ.

ಅಮ್ಮನ ಕುಲಾವಿಯ ಲೆಕ್ಕವನ್ನು ಕೊಟ್ಟುಬಿಡುತ್ತೇನೆ, ಪ್ರಯತ್ನಿಸುವವರಿದ್ದಾರು. ನಮ್ಮ ಸೆಕೆಗೆ ಮೃದುವಾದ ಹತ್ತಿಯ ನೂಲು ಒಳ್ಳೆಯದು. 10 ಸೆಂ.ಮೀ.ಗೆ 24 ಕುಣಿಕೆ ಬರುವ ಕಡ್ಡಿಯಲ್ಲಿ 72 ಕುಣಿಕೆ ಎತ್ತಿ. ಎರಡು ಸೀದಾ, ಎರಡು ಉಲ್ಟಾ ಹಾಕುತ್ತ 3 ಸೆಂ.ಮೀ. ಹೆಣೆಯಿರಿ. ಬರೀ ಸೀದಾ-ಸಾಲು, ಉಲ್ಟಾ-ಸಾಲಿನ ಹೆಣಿಗೆಯಲ್ಲಿ ಎರಡು ಮುಖಗಳ ಎಳೆತ ಬೇರೆ ಬೇರೆಯಾಗಿ ಅಂಚು ಸುರುಳಿ ಸುತ್ತುತ್ತದೆ. ಎರಡೆರಡು ಹಾಕಿದಾಗ ಎಳೆತ ಸಮನಾಗಿ ಅಂಚು ಮಲಗುತ್ತದೆ, ತಲೆಯನ್ನೂ ಹಿಡಿಯುತ್ತದೆ. ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕುತ್ತ ಒಟ್ಟು 9 ಸೆಂ.ಮೀ. ಆಗುವವರೆಗೆ ಹೋಗಿ. ಈಗ ಕಿರಿದು ಮಾಡುವುದು. 7 ಸೀದಾ ಹೆಣೆದು 2 ಕುಣಿಕೆಯನ್ನು ಒಟ್ಟಿಗೆ ಹೆಣೆಯಿರಿ, ಸಾಲಿನುದ್ದಕ್ಕೂ ಹೀಗೇ, ಎಂಟು ಸಲ. 64 ಉಳಿಯುತ್ತದೆ. ಮುಂದಿನ ಸಾಲು ಬರೀ ಉಲ್ಟಾ. ಅದರ ಮುಂದಿನದರಲ್ಲಿ 6 ಸೀದಾ, 2 ಒಟ್ಟಿಗೆ. 72, 64, 56, 48... ಹತ್ತನೆಯವರು ಇದನ್ನು ಸಮಾಂತರ ಶ್ರೇಢಿ ಎಂದು ಗುರುತಿಸಿರಬೇಕು, ಸಾಮಾನ್ಯ ವ್ಯತ್ಯಾಸ ಋಣ 8. ಕಡ್ಡಿಯಲ್ಲಿ 8 ಕುಣಿಕೆ ಉಳಿದಾಗ ಒಂದು ಮೊಳ ನೂಲು ಬಿಟ್ಟು ಕತ್ತರಿಸಿ. ದಪ್ಪ ಸೂಜಿಯಲ್ಲಿ ಪೋಣಿಸಿ ಎಂಟೂ ಕುಣಿಕೆಗಳ ಒಳಗಿಂದ ಎರಡು ಸಲ ದಾಟಿಸಿ ಎಳೆದರೆ ನೆತ್ತಿ ಮುಚ್ಚುತ್ತದೆ. ಅದೇ ನೂಲಿನಲ್ಲಿ ಬದಿ ಹೊಲಿದು, ಉಳಿದ ತುದಿಯನ್ನು ಒಳಮಗ್ಗುಲಿನ ಕುಣಿಕೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಮೂರು ಸಲ ಹಾಯಿಸಿ, ಚೆನ್ನಾಗಿ ಎಳೆದು ನೋಡಿ, ಆಮೇಲೆಯೇ ಕತ್ತರಿ ಹಾಕಿ.